ನಕ್ಷೆಯಲ್ಲಿ ಪೈಪ್ ಇದೆ, ನೆಲದಲ್ಲಿಲ್ಲ: ಜರುಗಿದ ಜಿಐಎಸ್ ಲೇಯರ್‌ನ ತಪ್ಪು ಹುಡುಕುವುದು ಹೇಗೆ

ಒಂದು ಊರಿನಲ್ಲಿ ಕುಡಿಯುವ ನೀರಿನ ಮೇನ್ ಲೈನ್ ಒಡೆದಿತ್ತು. ಊರಿನ ಹೆಸರು ಬೇಡ. ಟ್ಯಾಬ್‌ನಲ್ಲಿ ಜಿಐಎಸ್ ನಕ್ಷೆ (ಪ್ರತಿ ಗೆರೆಗೂ ನೆಲದ ಮೇಲಿನ ಜಾಗದ ಅಂಕಿ ಇರುವ ಕಂಪ್ಯೂಟರ್ ನಕ್ಷೆ) ಇತ್ತು. ರಸ್ತೆಯ ಒಂದು ಬದಿಗೆ ನೀಲಿ ಗೆರೆ ಸ್ಪಷ್ಟವಾಗಿ ಕಾಣುತ್ತಿತ್ತು. ಜೆಸಿಬಿ ಬಂತು, ಗೆರೆ ಇದ್ದ ಕಡೆಯೇ ಅಗೆಯಿತು. ಒಂದೂವರೆ ಮೀಟರ್ ಇಳಿದರೂ ಒಣ ಮಣ್ಣು. ಸ್ವಲ್ಪ ಮುಂದೆ ಇನ್ನೊಂದು ಗುಂಡಿ. ಅಲ್ಲೂ ಏನಿಲ್ಲ. ಅಷ್ಟು ಹೊತ್ತೂ ವಾಲ್‌ಮನ್ ಉದ್ದನೆಯ ಕೀಲಿ ಹಿಡಿದು ಪಕ್ಕದಲ್ಲೇ ನಿಂತಿದ್ದರು (ನಮ್ಮ ಕಡೆ ಇವರನ್ನು ನೀರುಗಂಟಿ ಅಂತೀವಿ). "ಅಲ್ಲಿಲ್ರಿ ಸರ, ಆ ಸಾಲಿ ಕಾಂಪೌಂಡ್ ಕಡೆ ಐತಿ" ಅಂತ ಎರಡು ಸಲ ಹೇಳಿದ್ದರು. ಕೈಯಲ್ಲಿ ಟ್ಯಾಬ್ ಇದ್ದವರಿಗೆ ಅದು ಕಿವಿಗೆ ಬೀಳಲಿಲ್ಲ. ಮೂರನೇ ಗುಂಡಿಯನ್ನು ಅವರು ತೋರಿಸಿದ ಕಡೆ ತೆಗೆದಾಗ ಪೈಪ್ ಸಿಕ್ಕಿತು. ಟೇಪ್ ಹಿಡಿದು ನೋಡಿದರೆ ನಕ್ಷೆಯ ಗೆರೆಗೂ ಪೈಪಿಗೂ 9 ಮೀಟರ್ ಅಂತರ.

ಕೆಲವು ದಿನ ಆದ ಮೇಲೆ ನನ್ನನ್ನು ಕರೆದರು. ಕಚೇರಿಯವರು ಹೇಳಿದ ಮೊದಲ ಮಾತು ಇದು: "ಟ್ಯಾಂಕಿನ ಹತ್ತಿರ ನಕ್ಷೆ ಕರೆಕ್ಟಾಗಿದೆ, ಇಲ್ಲಿ ಮಾತ್ರ ತಪ್ಪಿದೆ. ಇಲ್ಲಿನ ಗೆರೆ ಸ್ವಲ್ಪ ಜರುಗಿಸಿ ಕೊಟ್ಟರೆ ಸಾಕು." ಅದನ್ನು ಮಾತ್ರ ಮಾಡಬಾರದು. ಯಾಕೆ ಅಂತ ಮುಂದೆ ಹೇಳುತ್ತೇನೆ. ಇಂಥ ತಪ್ಪುಗಳನ್ನು ನಾನು ಹುಡುಕುವ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ. ಉದಾಹರಣೆ ನೀರಿನ ಪೈಪಿನದು. ಒಳಚರಂಡಿ, ಬೀದಿ ದೀಪ, ರಸ್ತೆಯಲ್ಲಿ ಹೂತ ಕೇಬಲ್, ಯಾವುದಕ್ಕಾದರೂ ಇದೇ ದಾರಿ. ಸಾಫ್ಟ್‌ವೇರ್ ಹೆಸರು ಬಂದಲ್ಲೆಲ್ಲ ಕ್ಯೂಜಿಐಎಸ್ ಅಂದುಕೊಳ್ಳಿ. ಅದು ಉಚಿತ, ಪುರಸಭೆಯ ಹಳೇ ಕಂಪ್ಯೂಟರಿನಲ್ಲೂ ಓಡುತ್ತದೆ.

ಮೊದಲು ಅಳೆಯಿರಿ

ಫೈಲಿನ ಒಂದು ನಕಲು ಮಾಡಿ ಬೇರೆ ಕಡೆ ಇಡಿ. ಆಮೇಲೆ ನೆಲದಲ್ಲೂ ನಕ್ಷೆಯಲ್ಲೂ ಗುರುತು ಸಿಗುವ ಐದಾರು ಜಾಗ ಆರಿಸಿ. ವಾಲ್ವ್ ಚೇಂಬರಿನ ಮುಚ್ಚಳ, ಓವರ್‌ಹೆಡ್ ಟ್ಯಾಂಕಿನ ಕಾಲು, ಪಂಪ್‌ಹೌಸಿನ ಮೂಲೆ, ಇಂಥವು. ಎಲ್ಲಾ ಒಂದೇ ಓಣಿಯಲ್ಲಿ ಇರಬಾರದು. ಊರಿನ ನಾಲ್ಕೂ ಮೂಲೆಗೆ ಹೋಗಿ, ನಡುವೆ ಒಂದು ತಗೊಳ್ಳಿ. ಒಂದೊಂದು ಜಾಗದಲ್ಲೂ ನಕ್ಷೆ ಎಷ್ಟು ಮೀಟರ್ ತಪ್ಪಿದೆ, ಯಾವ ದಿಕ್ಕಿಗೆ ತಪ್ಪಿದೆ ಅಂತ ಕಾಗದದ ಮೇಲೆ ಬರೆದುಕೊಳ್ಳಿ. ಬಾಣದ ಗುರುತು ಹಾಕಿದರೆ ಇನ್ನೂ ಒಳ್ಳೆಯದು.

ಅರ್ಧ ರೋಗ ಈ ಕಾಗದದಲ್ಲೇ ಗೊತ್ತಾಗುತ್ತದೆ. ಬಾಣಗಳೆಲ್ಲ ಒಂದೇ ಉದ್ದ, ಒಂದೇ ದಿಕ್ಕಾದರೆ ಇಡೀ ಲೇಯರ್ (ಒಂದೇ ಬಗೆಯ ಗೆರೆಗಳಿರುವ ನಕ್ಷೆಯ ಪದರ) ಒಟ್ಟಾಗಿ ಜರುಗಿದೆ. ಒಂದು ಕಡೆ ಬಾಣವೇ ಇಲ್ಲ, ದೂರ ಹೋದಂತೆ ಉದ್ದವಾಗುತ್ತಿದೆ ಅಂದರೆ ಲೇಯರ್ ತಿರುಗಿದೆ, ಇಲ್ಲವೇ ಹಿಗ್ಗಿದೆ. ಬಾಣಗಳು ದಿಕ್ಕಾಪಾಲಾಗಿದ್ದರೆ ತಪ್ಪು ಫೈಲಿನಲ್ಲಿಲ್ಲ, ಸರ್ವೆ ಮಾಡಿದ ಕೈಯಲ್ಲಿದೆ.

ಕಿಲೋಮೀಟರ್‌ಗಟ್ಟಲೆ ತಪ್ಪಿದ್ದರೆ

ಇದು ಸುಲಭದ ರೋಗ. ಕಣ್ಣಿಗೆ ರಾಚುವ ಹಾಗೆ ಕಾಣುತ್ತದೆ, ಹಾಗಾಗಿ ಯಾರೂ ಇದನ್ನು ನಂಬಿ ಗುಂಡಿ ತೋಡುವುದಿಲ್ಲ.

ಲೇಯರ್ ಹಾಕಿದ ತಕ್ಷಣ ಊರು ನಾರ್ವೆಗೂ ಉತ್ತರಕ್ಕೆ, ಸ್ವಾಲ್‌ಬಾರ್ಡ್ ದ್ವೀಪಗಳ ಬಳಿ ಸಮುದ್ರದಲ್ಲಿ ಬಿದ್ದಿದೆಯೇ? ಅಕ್ಷಾಂಶ ರೇಖಾಂಶ ಅದಲು ಬದಲಾಗಿದೆ. 15 ಉತ್ತರ, 76 ಪೂರ್ವ ಅನ್ನುವುದನ್ನು 76 ಉತ್ತರ, 15 ಪೂರ್ವ ಅಂತ ಓದಿದೆ. ಎಕ್ಸೆಲ್‌ನಿಂದ ಪಾಯಿಂಟ್ ತರುವಾಗ ಎಕ್ಸ್ ಅಂದರೆ ರೇಖಾಂಶ, ವೈ ಅಂದರೆ ಅಕ್ಷಾಂಶ. ನಾವು ಬಾಯಲ್ಲಿ ಅಕ್ಷಾಂಶ ಮೊದಲು ಹೇಳುವುದರಿಂದ ಈ ಎಡವಟ್ಟು ಆಗುತ್ತದೆ. ಒಂದೆರಡು ಪಾಯಿಂಟ್ ಮಾತ್ರ ಆಫ್ರಿಕಾದ ಪಶ್ಚಿಮಕ್ಕೆ ಗಿನಿ ಕೊಲ್ಲಿಯಲ್ಲಿ ಕೂತಿದ್ದರೆ ಅಲ್ಲಿ ಕೋಆರ್ಡಿನೇಟ್ ಸೊನ್ನೆ, ಸೊನ್ನೆ. ಜಿಪಿಎಸ್ ಸಿಗುವ ಮೊದಲೇ ಹುಡುಗ ಸೇವ್ ಬಟನ್ ಒತ್ತಿದ್ದಾನೆ ಅಂತ ಅರ್ಥ.

ಕೋಲಾರದ ಪೈಪ್‌ಲೈನ್ ಅರಬ್ಬಿ ಸಮುದ್ರದಲ್ಲಿ ತೇಲುತ್ತಿದ್ದರೆ ಅದು ಯುಟಿಎಂ ವಲಯದ ತಪ್ಪು. ಯುಟಿಎಂ ಅಂದರೆ ಭೂಮಿಯನ್ನು 6 ಡಿಗ್ರಿ ಅಗಲದ ವಲಯಗಳಾಗಿ ಹಂಚಿ ಜಾಗವನ್ನು ಮೀಟರಿನಲ್ಲಿ ಹೇಳುವ ಪದ್ಧತಿ. ಕರ್ನಾಟಕದ ಬಹುಪಾಲು ಭಾಗ ವಲಯ 43ರಲ್ಲಿದೆ, ಅಂದರೆ 72ರಿಂದ 78 ಡಿಗ್ರಿ ರೇಖಾಂಶ. ಆದರೆ 78ರ ಗೆರೆ ಕೋಲಾರಕ್ಕಿಂತ ಸ್ವಲ್ಪ ಪಶ್ಚಿಮಕ್ಕೆ ಹಾದು ಹೋಗುತ್ತದೆ. ಕೋಲಾರ, ಕೆಜಿಎಫ್, ಮುಳಬಾಗಿಲು ವಲಯ 44ಕ್ಕೆ ಸೇರುತ್ತವೆ. 44ರ ಅಂಕಿಗಳನ್ನು 43 ಅಂತ ಓದಿದರೆ ಇಡೀ ಊರು ಸರಿಯಾಗಿ 6 ಡಿಗ್ರಿ ಪಶ್ಚಿಮಕ್ಕೆ ಹೋಗುತ್ತದೆ. ಆ ಜಿಲ್ಲೆಯ ಕೆಲಸ ಮಾಡುವವರು ಮೊದಲ ದಿನವೇ ಯಾವ ವಲಯ ಅಂತ ಒಂದು ತೀರ್ಮಾನಕ್ಕೆ ಬಂದು ಎಲ್ಲರೂ ಅದನ್ನೇ ಬಳಸಬೇಕು.

ಹತ್ತಿಪ್ಪತ್ತು ಕಿಲೋಮೀಟರ್ ತಪ್ಪಿದ್ದರೆ ಡಿಗ್ರಿ, ನಿಮಿಷ, ಸೆಕೆಂಡಿನ ಗಲಿಬಿಲಿ. 15 ಡಿಗ್ರಿ 27 ನಿಮಿಷ 30 ಸೆಕೆಂಡ್ ಅನ್ನುವುದನ್ನು ಯಾರೋ 15.2730 ಅಂತ ಟೈಪ್ ಮಾಡಿದ್ದಾರೆ. ಅದು 15.4583 ಆಗಬೇಕಿತ್ತು. ಇಷ್ಟಕ್ಕೇ ಸುಮಾರು 20 ಕಿಲೋಮೀಟರ್ ವ್ಯತ್ಯಾಸ. ಇದಕ್ಕೆ ಒಂದು ಸುಳಿವಿದೆ. ದಶಮಾಂಶ ಬಿಂದುವಿನ ನಂತರದ ಎರಡು ಅಂಕಿ ಇಡೀ ಪಟ್ಟಿಯಲ್ಲಿ 60 ದಾಟಿಯೇ ಇಲ್ಲ ಅಂದರೆ ಅವು ನಿಮಿಷಗಳೇ.

ನೂರಿನ್ನೂರು ಮೀಟರ್

ಬಾಣಗಳೆಲ್ಲ ಒಂದೇ ದಿಕ್ಕಿಗಿವೆ, ಉದ್ದ ನೂರರಿಂದ ಇನ್ನೂರು ಮೀಟರ್ ನಡುವೆ ಇದೆ ಅಂದರೆ ನನ್ನ ಮೊದಲ ಅನುಮಾನ ಎವರೆಸ್ಟ್ ಮೇಲೆ. ಬೆಟ್ಟ ಅಲ್ಲ, ಎವರೆಸ್ಟ್ ಎಲಿಪ್ಸಾಯ್ಡ್. ಭೂಮಿಯ ಆಕಾರಕ್ಕೆ ಜಾರ್ಜ್ ಎವರೆಸ್ಟ್ 1830ರಲ್ಲಿ ಕೊಟ್ಟ ಅಳತೆ ಅದು. ಸರ್ವೆ ಆಫ್ ಇಂಡಿಯಾದ ಹಳೇ ಟೋಪೋಶೀಟ್‌ಗಳು ಅದರ ಮೇಲೇ ನಿಂತಿವೆ. ಇಂದಿನ ಜಿಪಿಎಸ್ ಡಬ್ಲ್ಯುಜಿಎಸ್ 84 ಅನ್ನುವ ಬೇರೆ ಅಳತೆ ಬಳಸುತ್ತದೆ. ಎರಡರಲ್ಲೂ ಅಕ್ಷಾಂಶ ರೇಖಾಂಶ ಅಂತಲೇ ಹೆಸರು. ಆದರೆ ನಮ್ಮ ಕಡೆ ಅದೇ ಅಂಕಿ ನೂರು ಮೀಟರ್‌ಗಿಂತ ಜಾಸ್ತಿ ದೂರದ ಬೇರೆ ಜಾಗವನ್ನು ತೋರಿಸುತ್ತದೆ. ಟೋಪೋಶೀಟ್ ಸ್ಕ್ಯಾನ್ ಮಾಡಿ, ಮೂಲೆಗಳ ಅಂಕಿ ಕೊಟ್ಟು ಕೂರಿಸುವಾಗ ಸಿಆರ್‌ಎಸ್ ಪಟ್ಟಿಯಲ್ಲಿ ಎವರೆಸ್ಟ್ ಅಳತೆಯ ಕಲ್ಯಾಣಪುರ ಡೇಟಮ್ ಆರಿಸಿ (ಸಿಆರ್‌ಎಸ್ ಅಂದರೆ ಅಂಕಿಗಳು ಯಾವ ಪದ್ಧತಿಯವು ಅನ್ನುವುದರ ಹೆಸರು). ಆಮೇಲೆ ಅಲ್ಲಿಂದ ಡಬ್ಲ್ಯುಜಿಎಸ್ 84ಕ್ಕೆ ಪರಿವರ್ತಿಸಿ. ಹಾಗೆ ಮಾಡಿದರೂ ಕೆಲವು ಮೀಟರ್ ತಪ್ಪು ಉಳಿಯುತ್ತದೆ. ಕೆರೆಯ ಜಲಾನಯನ ನೋಡಲು ಅದು ಸಾಕು, ಪೈಪ್ ಅಗೆಯಲು ಸಾಲದು.

ಎಲ್ಲರೂ ಎಡವುವ ಒಂದು ಜಾಗ ಇಲ್ಲೇ ಇದೆ. ಕ್ಯೂಜಿಐಎಸ್‌ನಲ್ಲಿ ಲೇಯರ್ ಮೇಲೆ ರೈಟ್ ಕ್ಲಿಕ್ ಮಾಡಿದರೆ 'ಸೆಟ್ ಲೇಯರ್ ಸಿಆರ್‌ಎಸ್' ಅಂತ ಬರುತ್ತದೆ. ಅದು ಅಂಕಿಗಳನ್ನು ಬದಲಾಯಿಸುವುದಿಲ್ಲ. "ಈ ಅಂಕಿಗಳನ್ನು ಈ ಭಾಷೆಯಲ್ಲಿ ಓದು" ಅಂತ ಹೇಳುತ್ತದೆ, ಅಷ್ಟೇ. ಅಂಕಿಗಳು ನಿಜವಾಗಿ ಬೇರೆ ಪದ್ಧತಿಗೆ ಬದಲಾಗಬೇಕಿದ್ದರೆ 'ರಿಪ್ರಾಜೆಕ್ಟ್ ಲೇಯರ್' ಬೇಕು. ಕನ್ನಡ ಪುಸ್ತಕದ ರಟ್ಟಿನ ಮೇಲೆ 'ತೆಲುಗು' ಅಂತ ಚೀಟಿ ಅಂಟಿಸುವುದು ಬೇರೆ, ಅದನ್ನು ತೆಲುಗಿಗೆ ಅನುವಾದ ಮಾಡುವುದು ಬೇರೆ, ಅಲ್ವಾ? ಚೀಟಿ ಮೇಲೆ ಚೀಟಿ ಅಂಟಿಸಿ ಹಾಳಾದ ಫೈಲುಗಳನ್ನು ನಾನು ಎಷ್ಟೋ ನೋಡಿದ್ದೇನೆ. ಲೆಕ್ಕ ಇಟ್ಟಿಲ್ಲ.

ಶೇಪ್‌ಫೈಲ್ (ಹಲವು ಫೈಲುಗಳು ಸೇರಿ ಒಂದು ಲೇಯರ್ ಆಗುವ ಬಗೆ) ಕಳುಹಿಸುವಾಗ ಪಿಆರ್‌ಜೆ ಅನ್ನುವ ಪುಟ್ಟ ಫೈಲ್ ಬಿಟ್ಟುಹೋಗುವುದೂ ಇದೇ ಜಾತಿಯ ತೊಂದರೆ. ಅಂಕಿಗಳು ಯಾವ ಪದ್ಧತಿಯವು ಅಂತ ಅದರಲ್ಲೇ ಬರೆದಿರುತ್ತದೆ. ಅದು ಬರದಿದ್ದರೆ ಊಹೆ ಮಾಡಬೇಡಿ. ಕಳುಹಿಸಿದವರಿಗೆ ಫೋನ್ ಮಾಡಿ ಕೇಳಿ.

ದೂರ ಹೋದಂತೆ ಹೆಚ್ಚುವ ತಪ್ಪು

ಮೊದಲು ಹೇಳಿದ ಊರಿನ ರೋಗ ಇದು. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಟ್ಯಾಂಕ್ ಊರಿನ ಪಶ್ಚಿಮಕ್ಕಿದೆ. ಒಡೆದ ಪೈಪ್ ಅಲ್ಲಿಂದ ಪೂರ್ವಕ್ಕೆ ಸುಮಾರು 2 ಕಿಲೋಮೀಟರ್. ನಾನು ಅಳೆದಾಗ ಟ್ಯಾಂಕಿನ ಬಳಿ ತಪ್ಪು ಇಲ್ಲವೇ ಇಲ್ಲ ಅನ್ನಬಹುದು. ಬಸ್ ನಿಲ್ದಾಣದ ಹತ್ತಿರ, ಅಂದರೆ ಅರ್ಧ ದಾರಿಯಲ್ಲಿ, ನಾಲ್ಕೂವರೆ ಮೀಟರ್. ಶಾಲೆಯ ಬಳಿ 9. ಬಾಣಗಳೆಲ್ಲ ಉತ್ತರ ದಕ್ಷಿಣವಾಗಿದ್ದವು. ಟ್ಯಾಂಕಿನಿಂದ ಎಳೆದ ಗೆರೆಗೆ ಅಡ್ಡಡ್ಡ.

ಈ ಅಡ್ಡ ಅನ್ನುವುದೇ ಮುಖ್ಯ. ಸರಿಯಾಗಿರುವ ಜಾಗದಿಂದ ತಪ್ಪಿದ ಜಾಗಕ್ಕೆ ಒಂದು ಗೆರೆ ಎಳೆಯಿರಿ. ಬಾಣ ಆ ಗೆರೆಗೆ ಅಡ್ಡ ಇದ್ದರೆ ನಕ್ಷೆ ತಿರುಗಿದೆ. ಬಾಣ ಗೆರೆಯ ಉದ್ದಕ್ಕೇ ಇದ್ದರೆ ನಕ್ಷೆ ಹಿಗ್ಗಿದೆ ಅಥವಾ ಕುಗ್ಗಿದೆ. ಇಲ್ಲಿ ಉದ್ದಕ್ಕೆ ಇದ್ದ ತಪ್ಪು ಅರ್ಧ ಮೀಟರ್ ಅಷ್ಟೇ. ಅಡ್ಡಕ್ಕೆ 9 ಮೀಟರ್. 2000 ಮೀಟರ್‌ಗೆ 9 ಮೀಟರ್ ಅಂದರೆ ತಿರುಗಿದ ಕೋನ ಸುಮಾರು 0.26 ಡಿಗ್ರಿ.

ಈ ಅಂಕಿ ನೋಡಿದಾಗ ನನಗೆ ಸಣ್ಣಗೆ ನಗು ಬಂತು. ಊರು ಇರುವುದು 76 ಡಿಗ್ರಿ ರೇಖಾಂಶ, 15 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ. ಯುಟಿಎಂ ವಲಯ 43ರ ನಡುಗೆರೆ 75 ಡಿಗ್ರಿ. ಆ ನಡುಗೆರೆಯ ಮೇಲೆ ಮಾತ್ರ ನಕ್ಷೆಯ ಉತ್ತರವೂ ನಿಜವಾದ ಉತ್ತರವೂ ಒಂದೇ. ಅದರಿಂದ ಆಚೀಚೆ ಸರಿದಂತೆ ಎರಡರ ನಡುವೆ ಒಂದು ಕೋನ ಹುಟ್ಟುತ್ತದೆ. ನಡುಗೆರೆಯಿಂದ ಎಷ್ಟು ಡಿಗ್ರಿ ದೂರ ಅನ್ನುವುದನ್ನು ಅಕ್ಷಾಂಶದ ಸೈನ್‌ನಿಂದ ಗುಣಿಸಿದರೆ ಆ ಕೋನ ಸಿಗುತ್ತದೆ. ಇಲ್ಲಿ 1 ಡಿಗ್ರಿ ದೂರ, 15ರ ಸೈನ್ 0.26. ಉತ್ತರ 0.26 ಡಿಗ್ರಿ. ಕಾಗದದ ಮೇಲೆ ಅಳೆದದ್ದೂ ಅಷ್ಟೇ.

ಆಮೇಲೆ ಕಥೆ ತಾನಾಗಿ ಬಿಚ್ಚಿಕೊಂಡಿತು. ಪೈಪ್ ಹಾಕಿದ ಕಾಲದ ಡ್ರಾಯಿಂಗ್ ಕ್ಯಾಡ್‌ನಲ್ಲಿತ್ತು. ಟೋಟಲ್ ಸ್ಟೇಷನ್ (ಕೋನ, ದೂರ ಅಳೆಯುವ ಸರ್ವೆ ಉಪಕರಣ) ಇಟ್ಟು ಅಳೆದವರು ಟ್ಯಾಂಕಿನ ಕಾಲಿಗೆ 1000, 1000 ಅಂತ ತಮ್ಮದೇ ಅಂಕಿ ಕೊಟ್ಟು ಶುರು ಮಾಡಿದ್ದರು. ಮೇಲ್ಮುಖವನ್ನು ನಿಜವಾದ ಉತ್ತರಕ್ಕೆ ಹೊಂದಿಸಿದ್ದರು. ಆ ಕೆಲಸದಲ್ಲಿ ಏನೂ ತಪ್ಪಿಲ್ಲ, ಅಳತೆಗಳೂ ಅಚ್ಚುಕಟ್ಟು. ವರ್ಷಗಳ ನಂತರ ಯಾರೋ ಅದನ್ನು ಯುಟಿಎಂ ವಲಯ 43ರ ಜಿಐಎಸ್‌ಗೆ ತಂದರು. ಅದು ಎಲ್ಲೋ ಬಿತ್ತು. ಅವರು ಇಡೀ ಲೇಯರ್ ಹಿಡಿದು ಎಳೆದು ಟ್ಯಾಂಕಿನ ಮೇಲೆ ಕೂರಿಸಿದರು. ಟ್ಯಾಂಕ್ ಕೂತಿತು, ಪಕ್ಕದ ಎರಡು ರಸ್ತೆಯೂ ಕೂತವು. ಕಚೇರಿ ಇರುವುದೂ ಅಲ್ಲೇ. ಆಚೆ ತುದಿಗೆ ಹೋಗಿ ಯಾರೂ ನೋಡಲಿಲ್ಲ.

ಎಳೆದು ಕೂರಿಸಬೇಡಿ ಅಂತ ಮೊದಲೇ ಹೇಳಿದ್ದು ಇದಕ್ಕೇ. ಎಳೆಯುವುದರಿಂದ ಒಂದು ಬಿಂದು ಕೂರುತ್ತದೆ, ತಿರುಗಿರುವುದು ಹಾಗೇ ಉಳಿಯುತ್ತದೆ. ಶಾಲೆಯ ಬಳಿ ಮಾತ್ರ ಗೆರೆ ಸರಿಸಿದ್ದರೆ ಬಸ್ ನಿಲ್ದಾಣದ ತಪ್ಪು ಮುಂದಿನ ಸಲಕ್ಕೆ ಕಾದು ಕೂತಿರುತ್ತಿತ್ತು. ಮೂಲ ಅಂಕಿಗಳೂ ಕೈತಪ್ಪುತ್ತಿದ್ದವು.

ನಿಮ್ಮ ಊರಿನಲ್ಲಿ ಈ ಕೋನ ಎಷ್ಟಿದೆ ಅಂತ ಮೊದಲೇ ಲೆಕ್ಕ ಹಾಕಿ ಇಟ್ಟುಕೊಳ್ಳಿ. ಹುಬ್ಬಳ್ಳಿ 75ರ ಗೆರೆಯ ಹತ್ತಿರವೇ ಇರುವುದರಿಂದ ಅಲ್ಲಿ ಇದು ಇಲ್ಲದಷ್ಟು ಕಡಿಮೆ. ಬೆಂಗಳೂರಿನಲ್ಲಿ ಸುಮಾರು 0.58 ಡಿಗ್ರಿ, ಅಂದರೆ ಕಿಲೋಮೀಟರಿಗೆ 10 ಮೀಟರ್. ಅಳೆದ ಕೋನ ಇದಕ್ಕೆ ಹೊಂದದೆ 1 ಡಿಗ್ರಿಯ ಸುತ್ತಮುತ್ತ ಬಂದರೆ ಹಳಬರು ದಿಕ್ಸೂಚಿಯ ಉತ್ತರ ಹಿಡಿದಿದ್ದರೇ ಅಂತ ನೋಡಿ.

ಸರಿಪಡಿಸಿದ್ದು ಹೀಗೆ. ಮೂಲ ಕ್ಯಾಡ್ ಫೈಲ್ ಹುಡುಕಿಸಿದೆವು. ಊರಿನ ಸುತ್ತ ಆರು ಜಾಗದಲ್ಲಿ ಆರ್‌ಟಿಕೆ ಉಪಕರಣದಿಂದ (ಸೆಂಟಿಮೀಟರ್ ಮಟ್ಟದ ನಿಖರತೆಯ ಜಿಪಿಎಸ್) ಅಂಕಿ ತೆಗೆದೆವು. ಸರ್ವೆ ಆಫ್ ಇಂಡಿಯಾದ ಕಾರ್ಸ್ ಜಾಲ (ಸದಾ ಓಡುವ ಸ್ಥಿರ ಜಿಪಿಎಸ್ ಕೇಂದ್ರಗಳು) ಕರ್ನಾಟಕದಲ್ಲಿ ಇರುವುದರಿಂದ ನಮ್ಮದೇ ಬೇಸ್ ಕೇಂದ್ರ ಇಡುವ ತಾಪತ್ರಯ ಇಲ್ಲದೆ ಕೆಲವು ಸೆಂಟಿಮೀಟರ್ ನಿಖರತೆ ಸಿಗುತ್ತದೆ. ಐದು ಬಿಂದುಗಳನ್ನು ಜಿಯೋರೆಫರೆನ್ಸರ್‌ಗೆ (ನಕ್ಷೆಯನ್ನು ನೆಲದ ಅಂಕಿಗಳ ಮೇಲೆ ಕೂರಿಸುವ ಕ್ಯೂಜಿಐಎಸ್ ಸಲಕರಣೆ) ಕೊಟ್ಟು ಹೆಲ್ಮರ್ಟ್ ವಿಧಾನ ಆರಿಸಿದೆ. ಅದು ಜರುಗಿಸುತ್ತದೆ, ತಿರುಗಿಸುತ್ತದೆ, ಒಟ್ಟಾರೆ ಅಳತೆ ಹೆಚ್ಚು ಕಡಿಮೆ ಮಾಡುತ್ತದೆ. ಆಕಾರ ಕೆಡಿಸುವುದಿಲ್ಲ. ಇನ್ನೂ ಹೆಚ್ಚು ಬಿಂದು ಕೊಟ್ಟು ಪಾಲಿನೋಮಿಯಲ್ 2 ಅಥವಾ 3 ಆರಿಸಿದರೆ ತಪ್ಪಿನ ಅಂಕಿ ಇನ್ನೂ ಕಡಿಮೆ ತೋರಿಸಬಹುದು. ಆದರೆ ಅದು ರಬ್ಬರ್ ಹಾಳೆ ಎಳೆದ ಹಾಗೆ, ಬಿಂದುಗಳ ನಡುವೆ ಪೈಪ್ ಡೊಂಕಾಗುತ್ತದೆ. ಆರನೇ ಬಿಂದುವನ್ನು ಬೇಕೆಂದೇ ಹೊರಗೆ ಇಟ್ಟಿದ್ದೆ. ಕೊನೆಗೆ ಅದರ ಮೇಲೆ ಪರೀಕ್ಷೆ ಮಾಡಿದಾಗ ವ್ಯತ್ಯಾಸ ಒಂದು ಗೇಣಿನಷ್ಟೂ ಇರಲಿಲ್ಲ. ಹಳೇ ಸ್ಕ್ಯಾನ್ ಮಾಡಿದ ನಕ್ಷೆಯಾದರೆ ಇಷ್ಟು ನಿರೀಕ್ಷೆ ಮಾಡಬೇಡಿ.

ದಿಕ್ಕಾಪಾಲಾದ ಬಾಣಗಳು

ಇಲ್ಲಿ ಪವಾಡ ಇಲ್ಲ. ಫೋನಿನ ಜಿಪಿಎಸ್ ಬಯಲಿನಲ್ಲಿ 3ರಿಂದ 5 ಮೀಟರ್ ಆಚೀಚೆ ತೋರಿಸುತ್ತದೆ. ಇಕ್ಕಟ್ಟಿನ ಪೇಟೆ ಬೀದಿಯಲ್ಲಿ, ಮರದ ಕೆಳಗೆ ಇನ್ನೂ ಜಾಸ್ತಿ. ಆಪ್ ಪಕ್ಕದಲ್ಲಿ ತೋರಿಸುವ ನಿಖರತೆಯ ಅಂಕಿ ಇಳಿಯುವವರೆಗೆ ನಿಂತು ಕಾಯಬೇಕು. ಬಿಸಿಲಿನಲ್ಲಿ ಯಾರೂ ಕಾಯುವುದಿಲ್ಲ, ಅದು ಬೇರೆ ಮಾತು. ಪಾಯಿಂಟ್‌ಗಳು ಚೌಕಟ್ಟು ಹಾಕಿದ ಹಾಗೆ ಸಾಲಾಗಿ ಕೂತಿದ್ದರೆ ಯಾರೋ ದಶಮಾಂಶ ಕತ್ತರಿಸಿದ್ದಾರೆ. ನಾಲ್ಕು ಅಂಕಿಗೆ ನಿಲ್ಲಿಸಿದರೆ ಒಂದು ಮೆಟ್ಟಿಲು 11 ಮೀಟರ್, ಐದಕ್ಕೆ ನಿಲ್ಲಿಸಿದರೆ 1.1 ಮೀಟರ್. ಆರು ಅಂಕಿ ಇಟ್ಟುಕೊಳ್ಳಿ.

ಹಿನ್ನೆಲೆಗೆ ಹಾಕಿದ ಉಪಗ್ರಹ ಚಿತ್ರವನ್ನೂ ಕಣ್ಣು ಮುಚ್ಚಿ ನಂಬಬೇಡಿ. ಅದೂ ಕೆಲವು ಮೀಟರ್ ಜರುಗಿರಬಹುದು. ಹೊಸ ಚಿತ್ರ ಬಂದಾಗ ನಿನ್ನೆ ಸರಿಯಾಗಿ ಕೂತಿದ್ದ ಪೈಪ್ ಇವತ್ತು ಮನೆಯೊಳಗೆ ಹೋದಂತೆ ಕಾಣಬಹುದು. ಪೈಪ್ ಅಲ್ಲೇ ಇದೆ, ಚಿತ್ರ ಬದಲಾಗಿದೆ.

ಜಾಗ ಸರಿ, ಉದ್ದ ತಪ್ಪು

ಪೈಪಿನ ಒಟ್ಟು ಉದ್ದ ಎಸ್ಟಿಮೇಟ್‌ಗಿಂತ ಶೇಕಡ ಮೂರೂವರೆ ಜಾಸ್ತಿ ಬಂದರೆ ಗುತ್ತಿಗೆದಾರರ ಮೇಲೆ ಹಾರುವ ಮೊದಲು ಸಿಆರ್‌ಎಸ್ ನೋಡಿ. ಇಪಿಎಸ್‌ಜಿ 3857 ಅಂತ ಇದ್ದರೆ ಅದು ವೆಬ್ ಮರ್ಕೇಟರ್ (ಇಪಿಎಸ್‌ಜಿ ಅಂದರೆ ಸಿಆರ್‌ಎಸ್‌ಗಳಿಗೆ ಕೊಟ್ಟ ನಂಬರ್). ಗೂಗಲ್ ನಕ್ಷೆಯ ಹಿನ್ನೆಲೆ ಹಾಕಲು ಅದು ಸರಿ, ಅಳೆಯಲು ಅಲ್ಲ. ಸಮಭಾಜಕದಿಂದ ದೂರ ಹೋದಂತೆ ಅದು ಎಲ್ಲವನ್ನೂ ಹಿಗ್ಗಿಸುತ್ತದೆ. 15 ಡಿಗ್ರಿ ಅಕ್ಷಾಂಶದಲ್ಲಿ 10 ಕಿಲೋಮೀಟರ್ ಪೈಪ್ 10.35 ಆಗುತ್ತದೆ. ವಿಸ್ತೀರ್ಣವಾದರೆ ಶೇಕಡ 7ಕ್ಕೂ ಜಾಸ್ತಿ. ಲೇಯರನ್ನು ಇಪಿಎಸ್‌ಜಿ 32643ಕ್ಕೆ, ಅಂದರೆ ಯುಟಿಎಂ ವಲಯ 43ಕ್ಕೆ, ರಿಪ್ರಾಜೆಕ್ಟ್ ಮಾಡಿ ಅಳೆದರೆ ಸರಿಹೋಗುತ್ತದೆ.

ಎತ್ತರದ ಗೊಂದಲ

ಜಾಗದ ತಪ್ಪು ಹೇಗೋ ಕಣ್ಣಿಗೆ ಬೀಳುತ್ತದೆ. ಎತ್ತರದ ತಪ್ಪು ಬೀಳುವುದಿಲ್ಲ. ನಕ್ಷೆಯಲ್ಲಿ ಎಲ್ಲಾ ಚೆನ್ನಾಗಿ ಕಾಣುತ್ತದೆ. ಅದೇ ಅಂಕಿಗಳನ್ನು ಎಪಾನೆಟ್‌ಗೆ ಹಾಕಿ ನೀರಿನ ಒತ್ತಡ ಲೆಕ್ಕ ಮಾಡಿದಾಗ ಒಂದು ವಾರ್ಡಿನಲ್ಲಿ ಒತ್ತಡ ಸೊನ್ನೆಗಿಂತ ಕೆಳಗೆ, ಇನ್ನೊಂದರಲ್ಲಿ ಪೈಪ್ ಸಿಡಿಯುವಷ್ಟು. ಜನ ಮಾತ್ರ ಎರಡೂ ಕಡೆ ನೆಮ್ಮದಿಯಾಗಿ ನೀರು ಹಿಡಿಯುತ್ತಿದ್ದಾರೆ.

ಆಗ ಎರಡು ಬಗೆಯ ಎತ್ತರ ಬೆರೆತಿದೆಯೇ ನೋಡಿ. ಆರ್‌ಟಿಕೆ ನೇರವಾಗಿ ಕೊಡುವುದು ಎಲಿಪ್ಸಾಯ್ಡ್ ಎತ್ತರ, ಅಂದರೆ ಗಣಿತದ ನುಣುಪಾದ ಭೂಮಿಯಿಂದ ಮೇಲಕ್ಕೆ ಎಷ್ಟು ಅಂತ. ಇಂಜಿನಿಯರುಗಳು ಆರ್‌ಎಲ್ ಅನ್ನುವುದು ಸಾಮಾನ್ಯವಾಗಿ ಸಮುದ್ರಮಟ್ಟದಿಂದ ಅಳೆದದ್ದು. ಬೇರೆ ದೇಶಗಳಲ್ಲಿ ಈ ಎರಡರ ವ್ಯತ್ಯಾಸ ಸಣ್ಣದಿರಬಹುದು. ನಮ್ಮಲ್ಲಿ ಹಾಗಲ್ಲ. ಭೂಮಿಯ ಗುರುತ್ವದ ಅತಿ ದೊಡ್ಡ ತಗ್ಗು ಇರುವುದು ನಮ್ಮ ದಕ್ಷಿಣಕ್ಕೆ, ಹಿಂದೂ ಮಹಾಸಾಗರದಲ್ಲಿ. ಅಲ್ಲಿ ಸಮುದ್ರಮಟ್ಟ ಎಲಿಪ್ಸಾಯ್ಡ್‌ಗಿಂತ ನೂರು ಮೀಟರ್‌ಗೂ ಜಾಸ್ತಿ ಕೆಳಗಿದೆ. ಅದರ ಪ್ರಭಾವ ನಮ್ಮ ನಾಡಿನವರೆಗೂ ಚಾಚಿದೆ. ಬೆಂಗಳೂರಿನಲ್ಲಿ ವ್ಯತ್ಯಾಸ ಸುಮಾರು 85 ಮೀಟರ್. ಸಮುದ್ರಮಟ್ಟದಿಂದ 920 ಮೀಟರ್ ಎತ್ತರದ ಜಾಗಕ್ಕೆ ಉಪಕರಣ 835 ಅಂತ ತೋರಿಸುತ್ತದೆ.

ಹಳೇ ಟ್ಯಾಂಕಿಗೆ ಬೆಂಚ್‌ಮಾರ್ಕ್‌ನಿಂದ (ಎತ್ತರ ಗೊತ್ತಿರುವ ಗುರುತು) ತಂದ ಆರ್‌ಎಲ್, ಹೊಸ ಬಡಾವಣೆಗೆ ಆರ್‌ಟಿಕೆ ಎತ್ತರ, ಎರಡನ್ನೂ ಒಂದೇ ಕಾಲಂನಲ್ಲಿ ಹಾಕಿದರೆ ಹೊಸ ಬಡಾವಣೆ ಸುಮ್ನೆ 85 ಮೀಟರ್ ಕೆಳಗಿಳಿಯುತ್ತದೆ. 10 ಮೀಟರ್ ನೀರಿಗೆ ಸುಮಾರು ಒಂದು ಕೆಜಿ ಒತ್ತಡ. ಅಂದರೆ ಕಾಗದದ ಮೇಲೆ ಎಂಟೂವರೆ ಕೆಜಿ ಒತ್ತಡ ಗಾಳಿಯಿಂದ ಹುಟ್ಟುತ್ತದೆ. ಅದನ್ನು ನಂಬಿ ಒತ್ತಡ ಇಳಿಸುವ ವಾಲ್ವ್ ಹಾಕಿದರೆ ಆ ಬಡಾವಣೆಗೆ ನೀರೇ ಹತ್ತುವುದಿಲ್ಲ.

ಉಚಿತ ಎತ್ತರ ನಕ್ಷೆಗಳಲ್ಲೂ ಇದೇ ಗೊಂದಲ. 2000ನೇ ಇಸವಿಯಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆ ಅಳೆದ ಎಸ್‌ಆರ್‌ಟಿಎಂ ಸಮುದ್ರಮಟ್ಟದ ಲೆಕ್ಕದಲ್ಲಿದೆ. ಇಸ್ರೋದ ಭುವನ್‌ನಲ್ಲಿ ಸಿಗುವ ಕಾರ್ಟೊಡೆಮ್ ಎಲಿಪ್ಸಾಯ್ಡ್ ಲೆಕ್ಕದಲ್ಲಿದೆ. ಅದರಲ್ಲಿ ನಮ್ಮ ಕರಾವಳಿಯ ಊರುಗಳಿಗೆ ಮೈನಸ್ ಎತ್ತರ ಕಂಡರೆ ಗಾಬರಿ ಬೇಡ. ಆಂಡ್ರಾಯ್ಡ್ ಫೋನ್ ಮೂಲದಲ್ಲಿ ಕೊಡುವುದೂ ಎಲಿಪ್ಸಾಯ್ಡ್ ಎತ್ತರವೇ. ಕೆಲವು ಆಪ್‌ಗಳು ತಾವೇ ತಿದ್ದಿ ತೋರಿಸುತ್ತವೆ, ಕೆಲವು ಇಲ್ಲ. ಗೊತ್ತಿರುವ ಒಂದು ಬೆಂಚ್‌ಮಾರ್ಕ್ ಮೇಲೆ ಉಪಕರಣ ಇಟ್ಟು ನೋಡಿ. ಐದು ನಿಮಿಷದ ಕೆಲಸ.

ಗೆರೆ ಕೂಡಿದಂತೆ ಕಂಡರೂ ಕೂಡಿಲ್ಲ

"ಈ ವಾಲ್ವ್ ಮುಚ್ಚಿದರೆ ಯಾವ ಮನೆಗಳಿಗೆ ನೀರು ನಿಲ್ಲುತ್ತದೆ" ಅಂತ ಕೇಳಿದಾಗ ನಕ್ಷೆ "ಯಾವುದಕ್ಕೂ ಇಲ್ಲ" ಅಂದರೆ ಎರಡು ಪೈಪ್ ತಾಗಿಲ್ಲ ಅಂತ ಅರ್ಥ. ಪರದೆಯ ಮೇಲೆ ತಾಗಿದಂತೆ ಕಾಣುತ್ತದೆ. ಜೂಮ್ ಮಾಡುತ್ತಾ ಹೋದರೆ ಎರಡು ಸೆಂಟಿಮೀಟರ್ ಸಂದಿ. ಗೆರೆ ಎಳೆಯುವಾಗ ಸ್ನ್ಯಾಪಿಂಗ್ (ತುದಿಗಳನ್ನು ತಾನಾಗಿ ಅಂಟಿಸುವ ಸೌಲಭ್ಯ) ಆನ್ ಮಾಡಿರಲಿಲ್ಲ. ಟೋಪಾಲಜಿ ಚೆಕರ್ ಪ್ಲಗಿನ್‌ನಲ್ಲಿ 'ಡ್ಯಾಂಗಲ್' ನಿಯಮ ಹಾಕಿದರೆ ತುದಿ ಬಿಟ್ಟ ಗೆರೆಗಳೆಲ್ಲ ಕೆಂಪಾಗಿ ಕಾಣುತ್ತವೆ. ಎಲ್ಲವನ್ನೂ ಒಂದೇ ಏಟಿಗೆ ಜೋಡಿಸುವ ಆಸೆಗೆ ಬೀಳಬೇಡಿ. ಓಣಿಯ ಕೊನೆಯಲ್ಲಿ ಪೈಪ್ ನಿಜವಾಗಿಯೂ ಮುಗಿದಿರಬಹುದು. ಹಳೇ ಸಿಐ (ಬೀಡುಕಬ್ಬಿಣದ) ಲೈನಿನ ಮೇಲೆ ಹೊಸ ಪಿವಿಸಿ ಸುಮ್ಮನೆ ದಾಟಿ ಹೋಗಿರಬಹುದು. ಯಾವುದು ಕೂಡುತ್ತದೆ, ಯಾವುದು ದಾಟುತ್ತದೆ ಅನ್ನುವುದು ವಾಲ್‌ಮನ್‌ಗೆ ಗೊತ್ತು, ಸಾಫ್ಟ್‌ವೇರ್‌ಗೆ ಗೊತ್ತಿಲ್ಲ.

ಹೆಸರುಗಳು ಹೊಂದುತ್ತಿಲ್ಲ

ಮನೆ ತೆರಿಗೆ ಪಟ್ಟಿಯನ್ನು ನಕ್ಷೆಗೆ ಜೋಡಿಸಿದರೆ ಅರ್ಧ ಮನೆ ಖಾಲಿ ಬಂತು ಅಂದರೆ ಮೊದಲು ಎಕ್ಸೆಲ್ ನೋಡಿ. 3-12 ಅನ್ನುವ ಮನೆ ನಂಬರನ್ನು ಅದು ತಾರೀಖು ಮಾಡಿಬಿಟ್ಟಿರುತ್ತದೆ. 007 ಬರೀ 7 ಆಗಿರುತ್ತದೆ. ಕಾಲಂ ಅನ್ನು ಟೆಕ್ಸ್ಟ್ ಅಂತ ಮಾಡಿಯೇ ಟೈಪ್ ಮಾಡಬೇಕು, ಆಮೇಲೆ ಬದಲಾಯಿಸಿದರೆ ಹೋದ ಸೊನ್ನೆ ವಾಪಸ್ ಬರುವುದಿಲ್ಲ.

ಕನ್ನಡದ ಹೆಸರುಗಳಿಗೆ ಇನ್ನೂ ಕೆಲವು ತೊಂದರೆಗಳಿವೆ. ಹಳೇ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದು ಯೂನಿಕೋಡ್ ಅಲ್ಲ. ನಕ್ಷೆಯಲ್ಲಿ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಮೊದಲು ಕನ್ವರ್ಟರ್‌ನಲ್ಲಿ ಹಾಕಿ ಬದಲಾಯಿಸಿ. ಯೂನಿಕೋಡ್ ಆದರೂ 'ಕೋಟೆ ಬೀದಿ' ಮತ್ತು 'ಕೋಟೆ ಬೀದಿ' ಒಂದಕ್ಕೊಂದು ಹೊಂದದೇ ಇರಬಹುದು. 'ಕೋ' ಅಕ್ಷರದ ಓ ಸ್ವರವನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಒ ಚಿಹ್ನೆ ಹಾಕಿ ಪಕ್ಕದಲ್ಲಿ ದೀರ್ಘದ ಚಿಹ್ನೆ ಸೇರಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಇದನ್ನು ಹುಡುಕಲು ನನಗೆ ಒಂದು ಇಡೀ ಮಧ್ಯಾಹ್ನ ಹೋಗಿತ್ತು. ಎನ್‌ಎಫ್‌ಸಿ ಅನ್ನುವ ಯೂನಿಕೋಡ್ ನಾರ್ಮಲೈಸೇಶನ್ ಎರಡೂ ಕಡೆ ಮಾಡಿದರೆ ಸರಿಹೋಗುತ್ತದೆ. ಅದಕ್ಕಿಂತ ಒಳ್ಳೆಯದು, ಹೆಸರಿನಿಂದ ಜೋಡಿಸುವುದನ್ನೇ ಬಿಟ್ಟು ಒಂದು ನಂಬರ್ ಇಟ್ಟುಕೊಳ್ಳುವುದು.

ಶೇಪ್‌ಫೈಲ್‌ನಲ್ಲಿ ಕಾಲಂ ಹೆಸರಿಗೆ ಜಾಗ ಇರುವುದು 10 ಬೈಟ್ ಮಾತ್ರ. ಕನ್ನಡದ ಒಂದೊಂದು ಚಿಹ್ನೆಗೂ ಯುಟಿಎಫ್-8ರಲ್ಲಿ 3 ಬೈಟ್ ಬೇಕು. ಮೂರು ಚಿಹ್ನೆಗೆ ಹೆಸರು ತುಂಡಾಗುತ್ತದೆ. ಬದಲಿಗೆ ಜಿಯೋಪ್ಯಾಕೇಜ್ ಅನ್ನುವ ಫೈಲ್ ಬಗೆ ಬಳಸಿ. ಒಂದೇ ಫೈಲ್, ಪಿಆರ್‌ಜೆ ಬಿಟ್ಟುಹೋಗುವ ಭಯವೂ ಇಲ್ಲ.

ಆ ಊರಿನಲ್ಲಿ ಆಮೇಲೆ

ತಿದ್ದಿದ ನಕ್ಷೆ ತಗೊಂಡು ಬಸ್ ನಿಲ್ದಾಣದ ಹತ್ತಿರ ಒಂದು ಪರೀಕ್ಷೆ ಗುಂಡಿ ತೆಗೆಸಿದೆವು. ಈ ಸಲ ಜೆಸಿಬಿ ಬೇಡ ಅಂದೆ, ಹಾರೆ ಗುದ್ದಲಿಯಲ್ಲೇ ತೋಡಿದರು. ಗೆರೆ ಇದ್ದ ಕಡೆಯೇ ಪೈಪ್ ಸಿಕ್ಕಿತು. ಅದರ ಪಕ್ಕಕ್ಕೇ ಇನ್ನೊಂದು ಪೈಪ್ ಕೂಡ ಸಿಕ್ಕಿತು, ನಕ್ಷೆಯಲ್ಲಿ ಇಲ್ಲದ್ದು.

ವಾಲ್‌ಮನ್‌ಗೆ ಆಶ್ಚರ್ಯ ಆಗಲಿಲ್ಲ. "ಅದು ಹಳೇ ಲೈನ್ರಿ, ಸಂತಿ ಮೈದಾನಕ್ಕ ಹೋಗತೈತಿ. ಇನ್ನೂ ಮೂರು ಅದಾವ" ಅಂದರು. ಅವರ ಜೊತೆ ಮಧ್ಯಾಹ್ನದವರೆಗೂ ನಡೆದೆ. ಮೂರನ್ನೂ ತೋರಿಸಿದರು. ಗೋಡೆಯ ಮೂಲೆಯಿಂದ, ಲೈಟ್ ಕಂಬದಿಂದ ಟೇಪ್ ಹಿಡಿದು ಅಳೆದು ಬರೆದುಕೊಂಡೆ. ಪೈಪ್ ಲೇಯರ್‌ಗೆ 'ಮೂಲ' ಅಂತ ಒಂದು ಹೊಸ ಕಾಲಂ ಸೇರಿಸಿದೆ. ಅದರಲ್ಲಿ ನಾಲ್ಕೇ ಆಯ್ಕೆ: ಅಗೆದು ನೋಡಿದ್ದು, ಉಪಕರಣದಿಂದ ಅಳೆದದ್ದು, ಡ್ರಾಯಿಂಗ್‌ನಿಂದ ತಂದದ್ದು, ಕೇಳಿ ತಿಳಿದದ್ದು. ಕೇಳಿ ತಿಳಿದದ್ದಕ್ಕೆ ಚುಕ್ಕಿ ಗೆರೆ ಕೊಟ್ಟೆ. ಆ ಮೂರು ಹಳೇ ಲೈನುಗಳು ಈಗ ಟ್ಯಾಬ್‌ನಲ್ಲಿ ಚುಕ್ಕಿ ಗೆರೆಯಾಗಿ ಕಾಣುತ್ತವೆ. ಪಕ್ಕದಲ್ಲಿ ತೋರಿಸಿದವರ ಹುದ್ದೆ, ತೋರಿಸಿದ ತಾರೀಖು ಇದೆ. ಅವರು ಮುಂದಿನ ವರ್ಷ ನಿವೃತ್ತರಾಗುತ್ತಾರಂತೆ. ಅಷ್ಟರೊಳಗೆ ಉಳಿದ ವಾರ್ಡುಗಳಲ್ಲೂ ಅವರ ಜೊತೆ ನಡೆಯಬೇಕು.